ಓಡುತ್ತಿರುವ ನೇಮ್‌ಸರ್ವರ್‌ಗೆ ಹೋಸ್ಟ್ ಚೆಕ್‌ನಲ್ಲಿ ಅವೈಲ್ 0 ಯಾಕೆ ಬರುತ್ತೆ? ಇಪಿಪಿ, ಗ್ಲೂ, ಡೆಲಿಗೇಶನ್ ಚರ್ಚೆ

ಯಶವಂತಪುರ_ರೀಸೆಲ್ಲರ್

ಡೊಮೈನ್ ಪ್ಯಾನೆಲ್‌ನಲ್ಲಿ ನೇಮ್‌ಸರ್ವರ್ (ಡಿಎನ್‌ಎಸ್‌ನಲ್ಲಿ ಡೊಮೈನ್‌ನ ಐಪಿ ವಿಳಾಸ ಹೇಳುವ ಸರ್ವರ್) ಬದಲಿಸುವ ಭಾಗ ಬರೆಯುತ್ತಿದ್ದೇವೆ. ಗ್ರಾಹಕರು ಹೊಸ ಹೆಸರು ಹಾಕಿದ ಕೂಡಲೇ ರಿಜಿಸ್ಟ್ರಿಗೆ (.ಇನ್, .ಕಾಂ ಥರದ ವಲಯದ ಡೊಮೈನ್ ದಾಖಲೆ ಇಡುವ ಸಂಸ್ಥೆ) ಇಪಿಪಿ (ರಿಜಿಸ್ಟ್ರಾರ್, ಅಂದರೆ ಡೊಮೈನ್ ಮಾರುವ ಕಂಪನಿ, ರಿಜಿಸ್ಟ್ರಿ ಜೊತೆ ಮಾತಾಡುವ ಭಾಷೆ) ಮೂಲಕ ಹೋಸ್ಟ್ ಚೆಕ್ (ನೇಮ್‌ಸರ್ವರ್ ಹೆಸರಿನ ವಿಚಾರಣೆ) ಹೋಗುತ್ತೆ. ಚೆನ್ನಾಗಿ ಓಡುತ್ತಿರುವ ಸರ್ವರ್‌ಗೆ ಅವೈಲ್ (ಲಭ್ಯವಿದೆಯಾ ಅನ್ನುವ ಗುರುತು) 0, ಕಾರಣ 'ಇನ್ ಯೂಸ್' ಅಂತ ಬರುತ್ತಿದೆ. ಬಾಯಿಗೆ ಬಂದ ಯಾವುದೋ ಹೆಸರು ಟೈಪ್ ಮಾಡಿದರೆ ಅವೈಲ್ 1. ಈಗಿನ ಕೋಡ್ ಅವೈಲ್ 1 ಬಂದರೆ ಮಾತ್ರ ಮುಂದಕ್ಕೆ ಬಿಡುತ್ತೆ, ಹಾಗಾಗಿ ಸರಿಯಾದ ಹೆಸರುಗಳೇ ನಿಂತುಹೋಗುತ್ತಿವೆ.

ಮೂರು ಪ್ರಶ್ನೆ. ಈ ಚೆಕ್ ಏನನ್ನು ನೋಡುತ್ತೆ? ಸರ್ವರ್ ನಿಜವಾಗಿ ಉತ್ತರ ಕೊಡುತ್ತಿದೆಯಾ ಅನ್ನೋದನ್ನ ಯಾರು ನೋಡಬೇಕು? .ಇನ್ ಮತ್ತು .ಕಾಂ ಎರಡಕ್ಕೂ ಒಂದೇ ಕೋಡ್ ಸಾಕಾ?

ಜೋನ್‌ಫೈಲ್

ಕೋಡ್‌ನಲ್ಲಿರುವ ಷರತ್ತು ತಿರುಗುಮುರುಗಾಗಿದೆ. ಹೋಸ್ಟ್ ಚೆಕ್ ರಿಜಿಸ್ಟ್ರಿಯ ಡೇಟಾಬೇಸ್ ಬಿಟ್ಟು ಬೇರೆ ಎಲ್ಲೂ ನೋಡಲ್ಲ. ಅದು ಉತ್ತರಿಸುವ ಪ್ರಶ್ನೆ ಒಂದೇ: ಈ ಹೆಸರಿನ ಹೋಸ್ಟ್ ಆಬ್ಜೆಕ್ಟ್ (ರಿಜಿಸ್ಟ್ರಿಯಲ್ಲಿರುವ ನೇಮ್‌ಸರ್ವರ್ ದಾಖಲೆ) ಅನ್ನು ಹೊಸದಾಗಿ ಸೃಷ್ಟಿಸಬಹುದಾ? ಅವೈಲ್ 1 ಅಂದರೆ ಆ ಹೆಸರಲ್ಲಿ ಆಬ್ಜೆಕ್ಟ್ ಇನ್ನೂ ಇಲ್ಲ, ಬೇಕಾದರೆ ಮಾಡಿಕೊಳ್ಳಿ. ಅವೈಲ್ 0, 'ಇನ್ ಯೂಸ್' ಅಂದರೆ ಆಬ್ಜೆಕ್ಟ್ ಈಗಾಗಲೇ ಇದೆ. ಡೊಮೈನ್‌ಗೆ ನೇಮ್‌ಸರ್ವರ್ ಜೋಡಿಸಲು ಹೊರಟವರಿಗೆ 0 ಬರುವುದೇ ಒಳ್ಳೆಯ ಸುದ್ದಿ.

ಒಂದು ಎಚ್ಚರಿಕೆ ಇದೆ. 0 ಬಂದಾಗ ಕಾರಣವನ್ನೂ ಓದಿ. ಹೆಸರು ರಿಜಿಸ್ಟ್ರಿಯ ನಿಯಮಕ್ಕೆ ಹೊಂದದಿದ್ದರೂ ಕೆಲವು ಕಡೆ 0 ಬರುತ್ತೆ. ಆ ಕಾರಣದ ಸಾಲು ಮನುಷ್ಯರು ಓದಲಿಕ್ಕೆ ಇರುವುದು, ಒಂದೊಂದು ರಿಜಿಸ್ಟ್ರಿ ಒಂದೊಂದು ರೀತಿ ಬರೆಯುತ್ತೆ, ಕೋಡ್‌ನಲ್ಲಿ ಅದನ್ನು ಹೋಲಿಸಿ ತೀರ್ಮಾನ ಮಾಡಬೇಡಿ. ಆಬ್ಜೆಕ್ಟ್ ಇದೆಯಾ ಅಂತ ಖಚಿತವಾಗಬೇಕಿದ್ದರೆ ಹೋಸ್ಟ್ ಇನ್ಫೋ ಕಳಿಸಿ. ಇದ್ದರೆ 1000 (ಯಶಸ್ಸು), ಇಲ್ಲದಿದ್ದರೆ 2303 (ಆಬ್ಜೆಕ್ಟ್ ಇಲ್ಲ).

ಇದೆಲ್ಲ 2009ರ ಆರ್‌ಎಫ್‌ಸಿ (ಇಂಟರ್‌ನೆಟ್ ಮಾನದಂಡದ ದಾಖಲೆ) 5732ರಲ್ಲಿದೆ. ಹೋಸ್ಟ್‌ಗೆ ಚೆಕ್, ಇನ್ಫೋ, ಕ್ರಿಯೇಟ್, ಡಿಲೀಟ್, ಅಪ್‌ಡೇಟ್ ಇಷ್ಟೇ. ಡೊಮೈನ್‌ಗೆ ಇರುವ ರಿನ್ಯೂ, ಟ್ರಾನ್ಸ್‌ಫರ್ ಹೋಸ್ಟ್‌ಗೆ ಇಲ್ಲ. ಡೊಮೈನ್ ಬೇರೆ ರಿಜಿಸ್ಟ್ರಾರ್‌ಗೆ ಹೋದರೆ ಅದರ ಕೆಳಗಿನ ಹೋಸ್ಟ್‌ಗಳೂ ಜೊತೆಗೇ ಹೋಗುತ್ತವೆ.

ಪೋರ್ಟ್53

ಜೋನ್‌ಫೈಲ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಚೆಕ್ ಮಾಡಿ ಆಮೇಲೆ ಕ್ರಿಯೇಟ್ ಮಾಡುವ ಎರಡು ಹೆಜ್ಜೆಯ ಮಧ್ಯೆ ಇನ್ನೊಬ್ಬರು ಅದೇ ಹೋಸ್ಟ್ ಸೃಷ್ಟಿಸಿಬಿಡಬಹುದು. ಆಗ ನಿಮಗೆ 2302 ಬರುತ್ತೆ, ಅಂದರೆ ಆಬ್ಜೆಕ್ಟ್ ಆಗಲೇ ಇದೆ. ದೊಡ್ಡ ಹೋಸ್ಟಿಂಗ್ ಕಂಪನಿಗಳ ನೇಮ್‌ಸರ್ವರ್ ಹೆಸರುಗಳಲ್ಲಿ ಇದು ಆಗುವಂಥದ್ದೇ. ಹೊರಗಿನ (ಆ ರಿಜಿಸ್ಟ್ರಿ ನಡೆಸದ ವಲಯದ) ಹೋಸ್ಟ್‌ಗಳಿಗೆ ಚೆಕ್ ಬಿಟ್ಟು ನೇರವಾಗಿ ಕ್ರಿಯೇಟ್ ಕಳಿಸಿ. 1000 ಬಂದರೂ ಸರಿ, 2302 ಬಂದರೂ ಸರಿ, ಎರಡನ್ನೂ ಗೆಲುವು ಅಂತ ತೆಗೆದುಕೊಂಡು ಡೊಮೈನ್ ಅಪ್‌ಡೇಟ್‌ಗೆ ಹೋಗಿ. ಒಂದು ಕಮಾಂಡ್ ಉಳಿಯುತ್ತೆ, ಮಧ್ಯದ ಸಂದಿಯೂ ಇರಲ್ಲ.

ಪಾಪ, ಚೆಕ್ ಪೂರ್ತಿ ಕೆಲಸಕ್ಕೆ ಬಾರದ್ದೇನೂ ಅಲ್ಲ. ಒಂದೇ ಕಮಾಂಡ್‌ನಲ್ಲಿ ಹಲವು ಹೆಸರು ಕಳಿಸಬಹುದು. ರಾಶಿ ಡೊಮೈನ್‌ಗಳ ನೇಮ್‌ಸರ್ವರ್ ಒಟ್ಟಿಗೆ ಬದಲಿಸುವ ಮೊದಲು ಯಾವ ಹೋಸ್ಟ್‌ಗಳು ಇಲ್ಲ ಅಂತ ಪಟ್ಟಿ ತೆಗೆಯಲು ಅದು ಸರಿಯಾದ ಸಾಧನ. ಉತ್ತರ ಕೇಳಿದ ಗಳಿಗೆಗೆ ಮಾತ್ರ ನಿಜ, ಅಷ್ಟು ನೆನಪಿರಲಿ.

ಬಸವನಗುಡಿ_ನೆಟ್

ಎರಡನೇ ಪ್ರಶ್ನೆಗೆ ಬರುವ ಮೊದಲು ಮೂರನೆಯದು. .ಇನ್‌ಗೂ .ಕಾಂಗೂ ಒಂದೇ ಕೋಡ್ ಸಾಕಾಗಲ್ಲ ಸರ್, ಯಾಕೆಂದರೆ ಒಂದೇ ಹೋಸ್ಟ್ ಹೆಸರು ಒಂದು ರಿಜಿಸ್ಟ್ರಿಗೆ ಒಳಗಿನದು, ಇನ್ನೊಂದಕ್ಕೆ ಹೊರಗಿನದು. ಪ್ಯಾನೆಲ್ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಎನ್‌ಎಸ್1.ಉದಾಹರಣೆ.ಇನ್ ಅನ್ನುವ ಹೆಸರು ತಗೊಳ್ಳಿ. .ಇನ್ ರಿಜಿಸ್ಟ್ರಿಗೆ ಇದು ಒಳಗಿನ ಹೋಸ್ಟ್. ಉದಾಹರಣೆ.ಇನ್ ಅನ್ನುವ ಮೇಲಿನ ಡೊಮೈನ್ ಅಲ್ಲಿ ನೋಂದಣಿಯಾಗಿರಬೇಕು, ಆ ಡೊಮೈನ್ ಯಾವ ರಿಜಿಸ್ಟ್ರಾರ್ ಕೈಯಲ್ಲಿದೆಯೋ ಅವರೇ ಹೋಸ್ಟ್ ಸೃಷ್ಟಿಸಬೇಕು, ಐಪಿ ವಿಳಾಸವನ್ನೂ ಕೊಡಬೇಕು. ಬೇರೆ ರಿಜಿಸ್ಟ್ರಾರ್ ಪ್ರಯತ್ನಿಸಿದರೆ ಸಾಮಾನ್ಯವಾಗಿ 2201, ಅಧಿಕಾರವಿಲ್ಲ. ಮೇಲಿನ ಡೊಮೈನ್ ಇಲ್ಲವೇ ಇಲ್ಲ ಅಂದರೆ 2303. ಇದೇ ಹೆಸರನ್ನು ಒಂದು .ಕಾಂ ಡೊಮೈನ್‌ಗೆ ಹಾಕಿದರೆ .ಕಾಂ ರಿಜಿಸ್ಟ್ರಿಗೆ ಇದು ಹೊರಗಿನ ಹೋಸ್ಟ್. ಯಾವ ರಿಜಿಸ್ಟ್ರಾರ್ ಬೇಕಾದರೂ ಸೃಷ್ಟಿಸಬಹುದು, ಐಪಿ ಕೊಡುವ ಹಾಗಿಲ್ಲ. ಉದಾಹರಣೆ.ಇನ್ ನಿಜವಾಗಿ ಇದೆಯಾ ಅಂತ .ಕಾಂ ರಿಜಿಸ್ಟ್ರಿ ಹೋಗಿ ನೋಡಲ್ಲ.

.ಕಾಂ ಮತ್ತು .ನೆಟ್ ಎರಡನ್ನೂ ವೆರಿಸೈನ್ ಒಂದೇ ವ್ಯವಸ್ಥೆಯಲ್ಲಿ ನಡೆಸುತ್ತೆ. ಹಾಗಾಗಿ .ಕಾಂ ಡೊಮೈನ್‌ಗೆ .ನೆಟ್ ಹೆಸರಿನ ನೇಮ್‌ಸರ್ವರ್ ಹಾಕಿದರೂ ಅದು ಒಳಗಿನದೇ. ಕೋಡ್‌ನಲ್ಲಿ 'ಕೊನೆಯ ಚುಕ್ಕೆಯ ನಂತರದ ಭಾಗ ಒಂದೇನಾ' ಅಂತ ಹೋಲಿಸಿದರೆ ಇಲ್ಲಿ ತಪ್ಪಾಗುತ್ತೆ. ಪ್ರತಿ ರಿಜಿಸ್ಟ್ರಿ ಯಾವ ಯಾವ ವಲಯಗಳನ್ನು ನಡೆಸುತ್ತೆ ಅನ್ನುವ ಪಟ್ಟಿ ಇಟ್ಟುಕೊಳ್ಳಿ. ನಿಕ್ಸಿ ನಡೆಸುವ .ಇನ್ ವ್ಯವಸ್ಥೆಯಲ್ಲಿ .ಕೋ.ಇನ್, .ನೆಟ್.ಇನ್, .ಆರ್ಗ್.ಇನ್ ಕೂಡ ಬರುತ್ತವೆ.

ಕಾವೇರಿ_ರೆಸಾಲ್ವರ್

ಬಸವನಗುಡಿಯವರು ಹೇಳಿದ್ದರಿಂದ ಹುಟ್ಟುವ ಒಂದು ಅಪಾಯವನ್ನು ಒತ್ತಿ ಹೇಳಬೇಕು.

.ಕಾಂ ಡೊಮೈನ್‌ಗೆ ನೇಮ್‌ಸರ್ವರ್ ಟೈಪ್ ಮಾಡುವಾಗ ಒಂದಕ್ಷರ ತಪ್ಪಿತು ಅಂದುಕೊಳ್ಳಿ. ಆ ತಪ್ಪು ಹೆಸರು .ಕಾಂ ಅಥವಾ .ನೆಟ್‌ನಲ್ಲಿದ್ದು, ಆ ಡೊಮೈನ್ ನೋಂದಣಿಯಾಗಿಲ್ಲದಿದ್ದರೆ ರಿಜಿಸ್ಟ್ರಿ ಅಲ್ಲೇ ತಡೆಯುತ್ತೆ. ತಪ್ಪು ಹೆಸರು .ಇನ್‌ನಲ್ಲೋ .ಆರ್ಗ್‌ನಲ್ಲೋ ಇದ್ದರೆ ಹೊರಗಿನ ಹೋಸ್ಟ್ ಅಂತ ಸದ್ದಿಲ್ಲದೆ ಒಪ್ಪಿಕೊಳ್ಳುತ್ತೆ. ಹೋಸ್ಟ್ ಚೆಕ್ ಅವೈಲ್ 1, ಕ್ರಿಯೇಟ್ 1000, ಡೊಮೈನ್ ಅಪ್‌ಡೇಟ್ 1000, ಎಲ್ಲ ಹಸಿರು. ಇನ್ನೊಂದು ನೇಮ್‌ಸರ್ವರ್ ಸರಿ ಇದ್ದರೆ ವೆಬ್‌ಸೈಟ್ ಕೂಡ ಸುಮಾರಾಗಿ ತೆರೆಯುತ್ತೆ, ಆಗಾಗ ನಿಧಾನ ಅನ್ನಿಸುತ್ತೆ ಅಷ್ಟೇ. ಹಾಗಾಗಿ ಯಾರೂ ಗಮನಿಸಲ್ಲ.

ಆ ತಪ್ಪು ಹೆಸರಿನ ಡೊಮೈನ್ ಅನ್ನು ಯಾರಾದರೂ ನೋಂದಾಯಿಸಿಕೊಂಡರೆ ನಿಮ್ಮ ಗ್ರಾಹಕರ ಡೊಮೈನ್‌ಗೆ ಬರುವ ಪ್ರಶ್ನೆಗಳಲ್ಲಿ ಒಂದು ಪಾಲು ಅವರ ಸರ್ವರ್‌ಗೆ ಹೋಗುತ್ತೆ. ಅವರು ಇಷ್ಟ ಬಂದ ಉತ್ತರ ಕೊಡಬಹುದು, ಮೇಲ್ ತಿರುಗಿಸಿಕೊಳ್ಳಬಹುದು, ಡಿಎನ್‌ಎಸ್ ಮೂಲಕ ಮಾಲೀಕತ್ವ ತೋರಿಸಿ ಟಿಎಲ್‌ಎಸ್ ಪ್ರಮಾಣಪತ್ರವನ್ನೂ ಪಡೆಯಬಹುದು. ಡೊಮೈನ್ ಬೆಲೆ ಕೆಲವು ನೂರು ರೂಪಾಯಿ. ಆದ್ದರಿಂದ ಹೊರಗಿನ ಹೋಸ್ಟ್ ಬಂದಾಗ ರಿಜಿಸ್ಟ್ರಿ ನೋಡದಿದ್ದನ್ನು ಪ್ಯಾನೆಲ್ ನೋಡಲೇಬೇಕು: ಆ ಹೆಸರಿಗೆ ಎ ಅಥವಾ ಕ್ವಾಡ್-ಎ (ಐಪಿ ವಿಳಾಸದ) ದಾಖಲೆ ಇದೆಯಾ? ಎನ್‌ಎಕ್ಸ್‌ಡೊಮೈನ್ (ಹೆಸರೇ ಇಲ್ಲ) ಬಂದರೆ ಮುಂದೆ ಬಿಡಬೇಡಿ. ಇದೊಂದು ಪರೀಕ್ಷೆ ಹಾಕದೆ ಪ್ಯಾನೆಲ್ ಬಿಡುಗಡೆ ಮಾಡಬೇಡಿ ಅಂತ ಕೈಮುಗಿದು ಕೇಳ್ತೀನಿ.

ಯಶವಂತಪುರ_ರೀಸೆಲ್ಲರ್

ಅರ್ಥವಾಯಿತು. ಹಾಗಾದರೆ ಸರ್ವರ್ ಬದುಕಿದೆಯಾ ಅಂತ ರಿಜಿಸ್ಟ್ರಿ ಯಾವತ್ತೂ ನೋಡಲ್ವಾ? ಜರ್ಮನಿಯ .ಡಿಇ ಡೊಮೈನ್‌ಗಳಲ್ಲಿ ಸರ್ವರ್ ಸರಿ ಇಲ್ಲದಿದ್ದರೆ ತಿರಸ್ಕರಿಸುತ್ತಾರೆ ಅಂತ ಕೇಳಿದ್ದೇನೆ.

ಜೋನ್‌ಫೈಲ್

ನೋಡುವವರೂ ಇದ್ದಾರೆ, ನೋಡದವರೂ ಇದ್ದಾರೆ. .ಕಾಂ ನೋಡಲ್ಲ. .ಡಿಇ ನಡೆಸುವ ಡೆನಿಕ್ ನೋಡುತ್ತೆ. ಅವರ ಪೂರ್ವಪರೀಕ್ಷೆಗೆ ನಾಸ್ಟ್ ಅಂತ ಹೆಸರು. ವಲಯದ (ಆ ಡೊಮೈನ್‌ನ ದಾಖಲೆಗಳ) ಮಾಹಿತಿ ಸರ್ವರ್‌ಗಳ ಮೇಲೆ ಮೊದಲೇ ಇರಬೇಕು, ಅವು ಅಧಿಕೃತ ಉತ್ತರ ಕೊಡಬೇಕು, ಆಮೇಲೆಯೇ ಡೆಲಿಗೇಶನ್ (ಡೊಮೈನ್ ಅನ್ನು ಆ ಸರ್ವರ್‌ಗಳಿಗೆ ಒಪ್ಪಿಸುವುದು). ಫ್ರಾನ್ಸಿನ ಆಫ್ನಿಕ್ ಮತ್ತು ಸ್ವೀಡನ್ನಿನ ಇಂಟರ್‌ನೆಟ್ ಫೌಂಡೇಶನ್ ಸೇರಿ ಮಾಡಿದ ಜೋನ್‌ಮಾಸ್ಟರ್ ಮುಕ್ತ ತಂತ್ರಾಂಶ, ಅದರಲ್ಲಿ 'ಇನ್ನೂ ಡೆಲಿಗೇಟ್ ಆಗದ ಡೊಮೈನ್' ಅಂತ ಆಯ್ಕೆ ಇದೆ. ಹೊಸ ನೇಮ್‌ಸರ್ವರ್ ಹೆಸರು, ಐಪಿ ಕೊಟ್ಟರೆ ಬದಲಾವಣೆ ಮಾಡುವ ಮೊದಲೇ ಪರೀಕ್ಷಿಸಿ ಹೇಳುತ್ತೆ. ನಿಮ್ಮ ಪ್ಯಾನೆಲ್‌ನ ಹಿಂದೆ ಅದನ್ನೇ ಓಡಿಸಬಹುದು.

ಒಳ್ಳೆಯ ಅಳತೆಗೋಲು ಬೇಕಿದ್ದರೆ ರೂಟ್ ವಲಯದ (ಡಿಎನ್‌ಎಸ್‌ನ ತುತ್ತತುದಿ) ನಿಯಮ ನೋಡಿ. ಒಂದು ಟಿಎಲ್‌ಡಿಯ (.ಇನ್, .ಕಾಂ ಥರದ ಕೊನೆಯ ಭಾಗ) ನೇಮ್‌ಸರ್ವರ್ ಬದಲಿಸಲು ಐಎಎನ್‌ಎ (ರೂಟ್ ವಲಯ ನೋಡಿಕೊಳ್ಳುವ ಸಂಸ್ಥೆ) ನೋಡುವುದು ಇವು: ಕನಿಷ್ಠ ಎರಡು ಸರ್ವರ್, ಒಂದೇ ಜಾಲದಲ್ಲಿ ಎಲ್ಲವೂ ಇರಬಾರದು, ಯುಡಿಪಿ ಮತ್ತು ಟಿಸಿಪಿ (ಮಾಹಿತಿ ಸಾಗಿಸುವ ಎರಡು ವಿಧಾನ) ಎರಡರಲ್ಲೂ 53ನೇ ಪೋರ್ಟ್‌ನಲ್ಲಿ ಉತ್ತರ, ಉತ್ತರದಲ್ಲಿ ಎಎ (ಅಧಿಕೃತ ಉತ್ತರ) ಗುರುತು, ಎಲ್ಲ ಸರ್ವರ್‌ಗಳಲ್ಲೂ ಒಂದೇ ಎನ್‌ಎಸ್ (ನೇಮ್‌ಸರ್ವರ್) ಪಟ್ಟಿ, ಒಂದೇ ಎಸ್‌ಒಎ (ವಲಯದ ಮೂಲ ದಾಖಲೆ), ಗ್ಲೂ (ರಿಜಿಸ್ಟ್ರಿಯಲ್ಲಿರುವ ನೇಮ್‌ಸರ್ವರ್ ಐಪಿ) ವಿಳಾಸಕ್ಕೂ ಸರ್ವರ್ ಹೇಳುವ ವಿಳಾಸಕ್ಕೂ ಹೊಂದಾಣಿಕೆ, ರೆಫರಲ್ (ಮುಂದಿನ ಸರ್ವರ್ ತೋರಿಸುವ) ಉತ್ತರ 512 ಬೈಟ್ ಒಳಗೆ ಹಿಡಿಯಬೇಕು, ಹೊರಗಿನವರಿಗೆ ರಿಕರ್ಸಿವ್ (ಬೇರೆ ಸರ್ವರ್‌ಗಳನ್ನು ಕೇಳಿ ಉತ್ತರ ತರುವ) ಸೇವೆ ಕೊಡಬಾರದು. ಟಿಎಲ್‌ಡಿಗೆ ಬೇಕಾದಷ್ಟು ಕಟ್ಟುನಿಟ್ಟು ಒಂದು ಅಂಗಡಿಯ ಡೊಮೈನ್‌ಗೆ ಬೇಡ. ಆದರೂ ಟಿಸಿಪಿ, ಎಎ, ಎಸ್‌ಒಎ ಈ ಮೂರನ್ನು ಯಾರಿಗೂ ಬಿಟ್ಟುಕೊಡಬೇಡಿ.

ಪೋರ್ಟ್53

ಕೈಯಲ್ಲಿ ಪರೀಕ್ಷಿಸುವ ಕ್ರಮ ಬರೆಯುತ್ತೇನೆ, ಡಿಗ್ (ಡಿಎನ್‌ಎಸ್ ಪ್ರಶ್ನೆ ಕೇಳುವ ಕಮಾಂಡ್) ಇದ್ದರೆ ಸಾಕು.

ಮೊದಲು ಹೊಸ ನೇಮ್‌ಸರ್ವರ್‌ನ ಐಪಿಗೇ ನೇರವಾಗಿ ಕೇಳಿ. ರಿಕರ್ಷನ್ ಬೇಡ ಅನ್ನುವ ನೋರೆಕರ್ಸ್ ಆಯ್ಕೆ ಹಾಕಿ, ಡೊಮೈನ್‌ನ ಎಸ್‌ಒಎ ಕೇಳಿ. ಉತ್ತರದ ಫ್ಲ್ಯಾಗ್ ಸಾಲಿನಲ್ಲಿ ಎಎ ಇರಬೇಕು. ನೋಎರರ್ ಬಂದು ಎಎ ಇಲ್ಲದಿದ್ದರೆ ಆ ಸರ್ವರ್‌ನಲ್ಲಿ ವಲಯ ಇಲ್ಲ, ಅದು ಕ್ಯಾಶ್‌ನಿಂದ ಕೊಡುತ್ತಿದೆ ಅಥವಾ ಬೇರೆ ಕಡೆ ಬೊಟ್ಟು ಮಾಡುತ್ತಿದೆ. ರೆಫ್ಯೂಸ್ಡ್ ಬಂದರೆ ಸರ್ವರ್ ಬದುಕಿದೆ, ಈ ಡೊಮೈನ್‌ನ ವಲಯ ಮಾತ್ರ ಹಾಕಿಲ್ಲ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಡೊಮೈನ್ ಸೇರಿಸುವುದನ್ನು ಮರೆತಾಗ ಬರುವುದು ಇದೇ. ಸರ್ವ್‌ಫೇಲ್ ಬಂದರೆ ವಲಯದ ಕಡತ ಓದಲಾಗುತ್ತಿಲ್ಲ, ಅಥವಾ ಸೆಕೆಂಡರಿ ಸರ್ವರ್ ಬಹಳ ದಿನದಿಂದ ಪ್ರೈಮರಿಯನ್ನು ತಲುಪಲಾಗದೆ ಎಸ್‌ಒಎಯ ಎಕ್ಸ್‌ಪೈರ್ ಅವಧಿ ಮೀರಿದೆ. ಉತ್ತರವೇ ಬರದಿದ್ದರೆ ಫೈರ್‌ವಾಲ್, ಇಲ್ಲವೇ ಐಪಿ ತಪ್ಪು.

ಇದನ್ನೇ ಟಿಸಿಪಿ ಆಯ್ಕೆ ಹಾಕಿ ಮತ್ತೆ ಮಾಡಿ. ಯುಡಿಪಿ 53 ತೆರೆದು ಟಿಸಿಪಿ 53 ಮುಚ್ಚಿರುವ ಸರ್ವರ್‌ಗಳು ಬೇಕಾದಷ್ಟಿವೆ. ಸಣ್ಣ ಉತ್ತರಗಳು ಬರುತ್ತವೆ, ಆದ್ದರಿಂದ ಸಮಸ್ಯೆ ಕಾಣಲ್ಲ. ಡಿಕೆಐಎಂ (ಮೇಲ್ ಸಹಿ) ಕೀ ಇರುವ ದೊಡ್ಡ ಟಿಎಕ್ಸ್‌ಟಿ ದಾಖಲೆಯೋ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ವ್ಯವಸ್ಥೆ) ಸಹಿಯೋ ಬಂದು ಉತ್ತರ ತುಂಡಾದಾಗ ಮೇಲ್ ತಿರಸ್ಕಾರ ಶುರುವಾಗುತ್ತೆ, ಆಗ ಎಲ್ಲರೂ ಮೇಲ್ ಸರ್ವರ್ ಅನ್ನೇ ಬೈಯುತ್ತಾರೆ. 2020ರ ಡಿಎನ್‌ಎಸ್ ಫ್ಲ್ಯಾಗ್ ಡೇ ನಂತರ ಯುಡಿಪಿ ಗಾತ್ರದ ಶಿಫಾರಸು 1232 ಬೈಟ್. ಅದಕ್ಕಿಂತ ದೊಡ್ಡದು ಟಿಸಿಪಿಯಲ್ಲೇ ಹೋಗಬೇಕು.

ಮೂರನೆಯದು ಎಲ್ಲ ಸರ್ವರ್‌ಗಳ ಎಸ್‌ಒಎ ಸೀರಿಯಲ್ ಸಂಖ್ಯೆ ಹೋಲಿಸುವುದು. ಡೆಲಿಗೇಟ್ ಆಗಿರುವ ಡೊಮೈನ್‌ಗೆ ಡಿಗ್‌ನ ಎನ್‌ಎಸ್‌ಸರ್ಚ್ ಆಯ್ಕೆ ಒಂದೇ ಸಲಕ್ಕೆ ತೋರಿಸುತ್ತೆ.

ಒಂದು ನಿಷೇಧ ಮರೆಯಬೇಡಿ. ನೇಮ್‌ಸರ್ವರ್ ಹೆಸರು ಸಿನೇಮ್ (ಇನ್ನೊಂದು ಹೆಸರಿಗೆ ಬೊಟ್ಟು ಮಾಡುವ ದಾಖಲೆ) ಆಗಿರಬಾರದು, 1997ರ ಆರ್‌ಎಫ್‌ಸಿ 2181 ಸ್ಪಷ್ಟವಾಗಿ ಹೇಳುತ್ತೆ. ರಿಜಿಸ್ಟ್ರಿ ತಡೆಯಲ್ಲ, ಕೆಲವು ರೆಸಾಲ್ವರ್‌ಗಳಲ್ಲಿ (ಬಳಕೆದಾರರ ಪರವಾಗಿ ಹೆಸರು ಹುಡುಕುವ ಸರ್ವರ್) ಕೆಲಸವೂ ಆಗುತ್ತೆ, ಬೇರೆಯವುಗಳಲ್ಲಿ ಡೊಮೈನ್ ಸತ್ತಂತಿರುತ್ತೆ. 'ನಮ್ಮ ಆಫೀಸಲ್ಲಿ ಬರ್ತಿದೆ, ಮನೇಲಿ ಬರ್ತಿಲ್ಲ' ಅನ್ನುವ ದೂರುಗಳಲ್ಲಿ ಇದನ್ನೂ ನೋಡಿ.

ಕಾವೇರಿ_ರೆಸಾಲ್ವರ್

ಮನೆ ಬ್ರಾಡ್‌ಬ್ಯಾಂಡ್‌ನಿಂದ ಈ ಪರೀಕ್ಷೆ ಮಾಡುವವರಿಗೆ ಮುಖ್ಯ ಮಾತು. ಕೆಲವು ಸೇವಾದಾರರು 53ನೇ ಪೋರ್ಟ್‌ನ ಪ್ರಶ್ನೆಗಳನ್ನು ದಾರಿಯಲ್ಲೇ ಹಿಡಿದು ತಮ್ಮ ರೆಸಾಲ್ವರ್‌ನಿಂದ ಉತ್ತರ ಕೊಡಿಸುತ್ತಾರೆ. ನೀವು ಹೊಸ ನೇಮ್‌ಸರ್ವರ್‌ಗೆ ಕೇಳಿದ್ದೀನಿ ಅಂದುಕೊಂಡಿರುತ್ತೀರಿ, ಉತ್ತರ ಬಂದಿದ್ದು ಇನ್ನೆಲ್ಲಿಂದಲೋ. ಪತ್ತೆ ಹಚ್ಚುವುದು ಸುಲಭ: 192.0.2.1 ಗೆ ಒಂದು ಪ್ರಶ್ನೆ ಕಳಿಸಿ. ಅದು ದಾಖಲೆಪತ್ರಗಳ ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸ, ಅಲ್ಲಿ ಯಾವ ಸರ್ವರೂ ಇಲ್ಲ. ಟೈಮ್‌ಔಟ್ ಆಗಬೇಕು. ಉತ್ತರ ಬಂತೋ, ಮಧ್ಯೆ ಯಾರೋ ಕೂತಿದ್ದಾರೆ. ಆಗ ಎಲ್ಲಾದರೂ ಒಂದು ವಿಪಿಎಸ್‌ನಿಂದ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಪರೀಕ್ಷಿಸಿ. ಪ್ಯಾನೆಲ್‌ನ ಸ್ವಯಂ ಪರೀಕ್ಷೆಯನ್ನೂ ಕನಿಷ್ಠ ಎರಡು ಬೇರೆ ಜಾಲಗಳಿಂದ ಓಡಿಸಿ.

ಬಸವನಗುಡಿ_ನೆಟ್

ಸರ್ವರ್ ಎಲ್ಲಿದೆ ಅನ್ನುವುದೂ ಲಭ್ಯತೆಯ ಭಾಗವೇ. ಎನ್‌ಎಸ್1, ಎನ್‌ಎಸ್2 ಅಂತ ಎರಡು ಹೆಸರು ಕೊಟ್ಟು ಎರಡಕ್ಕೂ ಒಂದೇ ಐಪಿ ಕೊಡುವುದನ್ನು ಬೆಂಗಳೂರಿನ ಸಣ್ಣ ಹೋಸ್ಟಿಂಗ್‌ಗಳಲ್ಲಿ ಈಗಲೂ ಕಾಣಬಹುದು. ರಿಜಿಸ್ಟ್ರಿಗೆ ಎರಡು ಹೋಸ್ಟ್ ಸಿಕ್ಕಿತು, ನಿಯಮ ಪಾಲನೆಯಾಯಿತು. ವೈಟ್‌ಫೀಲ್ಡ್‌ನ ಒಂದು ರ‍್ಯಾಕ್‌ಗೆ ವಿದ್ಯುತ್ ಹೋದರೆ ಎರಡೂ ಹೋಗುತ್ತವೆ. ಬೇರೆ ಬೇರೆ ಐಪಿ ಇದ್ದು ಎರಡೂ ಒಂದೇ /24 (256 ವಿಳಾಸಗಳ ಗುಂಪು) ಒಳಗೆ, ಒಂದೇ ರೂಟರ್ ಹಿಂದೆ ಇದ್ದರೂ ಹೆಚ್ಚು ವ್ಯತ್ಯಾಸವಿಲ್ಲ. 1997ರ ಆರ್‌ಎಫ್‌ಸಿ 2182 ಇದನ್ನೇ ಹೇಳುವುದು: ಸೆಕೆಂಡರಿ ಸರ್ವರ್ ಭೌಗೋಳಿಕವಾಗಿಯೂ ಜಾಲದ ದೃಷ್ಟಿಯಿಂದಲೂ ದೂರ ಇರಬೇಕು. ಒಂದು ಇಲ್ಲಿ, ಇನ್ನೊಂದು ಮುಂಬೈಯಲ್ಲೋ ಚೆನ್ನೈಯಲ್ಲೋ, ಬೇರೆ ಸೇವಾದಾರರ ಜಾಲದಲ್ಲಿ ಇಡಿ. ವೆಬ್ ಸರ್ವರ್ ಒಂದೇ ಕಡೆ ಇರುವಾಗ ಡಿಎನ್‌ಎಸ್ ಮಾತ್ರ ದೂರ ಇಟ್ಟು ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಮೇಲ್‌ಗೆ ಪ್ರಯೋಜನವಿದೆ. ಮೇಲ್ ಸರ್ವರ್ ಸಿಗದಿದ್ದರೂ ಎಂಎಕ್ಸ್ (ಮೇಲ್ ಸರ್ವರ್ ಹೆಸರಿನ) ಉತ್ತರ ಸಿಕ್ಕರೆ ಕಳಿಸುವವರು ಸರದಿಯಲ್ಲಿಟ್ಟು ಮತ್ತೆ ಪ್ರಯತ್ನಿಸುತ್ತಾರೆ. ವೆಬ್ ಸರ್ವರ್ ಬೇರೆ ಕಡೆಗೆ ಸಾಗಿಸಬೇಕಾದರೂ ದಾಖಲೆ ಬದಲಿಸಲು ಡಿಎನ್‌ಎಸ್ ಬದುಕಿರಬೇಕು.

ಯಶವಂತಪುರ_ರೀಸೆಲ್ಲರ್

ಗ್ಲೂ ವಿಷಯ ಇನ್ನಷ್ಟು ಬಿಡಿಸಿ ಹೇಳಿ. ಗ್ರಾಹಕರು ಎನ್‌ಎಸ್1.ತಮ್ಮಡೊಮೈನ್.ಇನ್ ಅಂತ ತಮ್ಮದೇ ಹೆಸರಿನ ನೇಮ್‌ಸರ್ವರ್ ಕೇಳುತ್ತಾರೆ. ಡಿಎನ್‌ಎಸ್ ವಲಯದಲ್ಲಿ ಎ ದಾಖಲೆ ಹಾಕಿಕೊಂಡು 'ನೇಮ್‌ಸರ್ವರ್ ರೆಡಿ' ಅನ್ನುತ್ತಾರೆ. ಆಮೇಲೆ ಡೊಮೈನ್ ಅಪ್‌ಡೇಟ್‌ಗೆ 2303 ಬರುತ್ತೆ.

ಜೋನ್‌ಫೈಲ್

ವಲಯದಲ್ಲಿ ಎ ದಾಖಲೆ ಹಾಕುವುದು ಬೇರೆ, ರಿಜಿಸ್ಟ್ರಿಯಲ್ಲಿ ಹೋಸ್ಟ್ ಆಬ್ಜೆಕ್ಟ್ ಸೃಷ್ಟಿಸುವುದು ಬೇರೆ. ಎರಡೂ ಬೇಕು, ಐಪಿ ಎರಡರಲ್ಲೂ ಒಂದೇ ಇರಬೇಕು. ಪ್ಯಾನೆಲ್‌ಗಳಲ್ಲಿ ಇದಕ್ಕೆ ಚೈಲ್ಡ್ ನೇಮ್‌ಸರ್ವರ್, ಪ್ರೈವೇಟ್ ನೇಮ್‌ಸರ್ವರ್, ಹೋಸ್ಟ್ ರೆಕಾರ್ಡ್, ಗ್ಲೂ ಅಂತ ನಾನಾ ಹೆಸರು, ಕೆಲಸ ಒಂದೇ.

ಯಾಕೆ ಬೇಕು? ರೆಸಾಲ್ವರ್ .ಇನ್ ಸರ್ವರ್‌ಗೆ ಬಂದು ತಮ್ಮಡೊಮೈನ್.ಇನ್ ಎಲ್ಲಿದೆ ಅಂತ ಕೇಳುತ್ತೆ. ಎನ್‌ಎಸ್1.ತಮ್ಮಡೊಮೈನ್.ಇನ್ ಕೇಳು ಅನ್ನುತ್ತೆ ಅದು. ಆ ಸರ್ವರ್‌ನ ವಿಳಾಸ ತಿಳಿಯಲು ತಮ್ಮಡೊಮೈನ್.ಇನ್ ಅನ್ನೇ ಕೇಳಬೇಕು. ಮನೆಯ ಬೀಗದ ಕೈ ಮನೆಯೊಳಗೇ ಉಳಿದಂತಾಯಿತು. ಅದಕ್ಕೇ .ಇನ್ ಸರ್ವರ್ ಹೆಸರಿನ ಜೊತೆ ಐಪಿಯನ್ನೂ ಕೊಡಬೇಕು. ಆ ಐಪಿ ಬರುವುದು ಹೋಸ್ಟ್ ಆಬ್ಜೆಕ್ಟ್‌ನಿಂದ. 2023ರ ಆರ್‌ಎಫ್‌ಸಿ 9471 ಇದನ್ನು ಇನ್ನೂ ಬಿಗಿ ಮಾಡಿದೆ: ರೆಫರಲ್‌ನಲ್ಲಿ ಬೇಕಾದ ಗ್ಲೂ ಎಲ್ಲ ಹಿಡಿಯದಿದ್ದರೆ ಉತ್ತರ ತುಂಡಾಗಿದೆ ಅಂತ ಗುರುತು ಹಾಕಿ ಟಿಸಿಪಿಗೆ ಕಳಿಸಬೇಕು.

ಕ್ರಮ ಹೀಗಿರಲಿ. ವಲಯ ಮತ್ತು ಎ ದಾಖಲೆ ಹೊಸ ಸರ್ವರ್‌ನಲ್ಲಿ ಸಿದ್ಧ ಮಾಡಿ. ಡೊಮೈನ್ ನಿಮ್ಮ ರಿಜಿಸ್ಟ್ರಾರ್ ಕೈಯಲ್ಲೇ ಇದೆಯಾ ನೋಡಿ. ಹೋಸ್ಟ್ ಕ್ರಿಯೇಟ್‌ನಲ್ಲಿ ವಿ4 ವಿಳಾಸ, ಇದ್ದರೆ ವಿ6 ಕೂಡ ಕೊಡಿ. 10, 192.168, 127ರಿಂದ ಶುರುವಾಗುವ ವಿಳಾಸಗಳನ್ನು ಸಾರ್ವಜನಿಕ ಡಿಎನ್‌ಎಸ್‌ಗೆ ಕೊಡಲೇಬೇಡಿ, ಹೆಚ್ಚಿನ ರಿಜಿಸ್ಟ್ರಿಗಳು 2306 ಅಥವಾ 2004 ಕೊಟ್ಟು ತಿರಸ್ಕರಿಸುತ್ತವೆ. ಆಮೇಲೆ ಡೊಮೈನ್ ಅಪ್‌ಡೇಟ್. ಹಳೆಯದನ್ನು ತೆಗೆಯುವುದು, ಹೊಸದನ್ನು ಸೇರಿಸುವುದು ಒಂದೇ ಕಮಾಂಡ್‌ನಲ್ಲಿ ಇರಲಿ. ಮೊದಲು ತೆಗೆದು ಆಮೇಲೆ ಸೇರಿಸಲು ಹೋಗಿ ಎರಡನೇ ಕಮಾಂಡ್ ಬಿದ್ದರೆ ಡೊಮೈನ್ ಇನ್‌ಆಕ್ಟಿವ್ ಸ್ಥಿತಿಗೆ ಹೋಗಿ ವಲಯದಿಂದಲೇ ಹೊರಬೀಳುತ್ತೆ.

ಸರ್ವರ್‌ನ ಐಪಿ ಮುಂದೆ ಬದಲಾದಾಗ ಹೋಸ್ಟ್ ಅಪ್‌ಡೇಟ್ ಮಾಡುವುದನ್ನು ಜನ ಮರೆಯುತ್ತಾರೆ. ವಲಯದಲ್ಲಿ ಹೊಸ ಐಪಿ, ಗ್ಲೂನಲ್ಲಿ ಹಳೆಯದು. ಹಳೆಯ ಯಂತ್ರ ಓಡುತ್ತಿರುವವರೆಗೆ ಏನೂ ಗೊತ್ತಾಗಲ್ಲ, ಅದನ್ನು ನಿಲ್ಲಿಸಿದ ದಿನ ಎಲ್ಲ ಡೊಮೈನ್‌ಗಳೂ ಒಟ್ಟಿಗೆ ಮಲಗುತ್ತವೆ.

ಹೆಬ್ಬಾಳ_ಸಪೋರ್ಟ್

ಇಪಿಪಿ ಖಾತೆ ಇಲ್ಲದ ನಮ್ಮಂಥ ಸಪೋರ್ಟ್ ಜನ ಹೋಸ್ಟ್ ಇದೆಯಾ ಅಂತ ನೋಡೋದು ಹೇಗೆ? ಇನ್ನೊಂದು ವಿಷಯ, ಕನ್ನಡ ಲಿಪಿಯ .ಭಾರತ ಡೊಮೈನ್‌ನ ಕೆಳಗೆ ನೇಮ್‌ಸರ್ವರ್ ಮಾಡಬಹುದಾ?

ಪೋರ್ಟ್53

ಮೊದಲನೆಯದಕ್ಕೆ ಆರ್‌ಡಿಎಪಿ (ನೋಂದಣಿ ವಿವರ ಹುಡುಕುವ ಸೇವೆ). ರಿಜಿಸ್ಟ್ರಿಯ ಆರ್‌ಡಿಎಪಿ ವಿಳಾಸದ ಕೊನೆಗೆ ನೇಮ್‌ಸರ್ವರ್ ಅಂತ ಹಾಕಿ, ಓರೆಗೆರೆಯ ನಂತರ ಹೋಸ್ಟ್ ಹೆಸರು ಕೊಟ್ಟು ಬ್ರೌಸರ್‌ನಲ್ಲೇ ತೆರೆಯಬಹುದು. ಆಬ್ಜೆಕ್ಟ್ ಇದ್ದರೆ ಐಪಿ ಸಮೇತ ವಿವರ, ಇಲ್ಲದಿದ್ದರೆ 404. ಈ ಬಗೆಯ ಪ್ರಶ್ನೆಗೆ ಎಲ್ಲ ರಿಜಿಸ್ಟ್ರಿಗಳೂ ಉತ್ತರಿಸಲ್ಲ. ಉತ್ತರಿಸದಿದ್ದರೆ ಟಿಎಲ್‌ಡಿಯ ಸರ್ವರ್‌ಗೇ ನೋರೆಕರ್ಸ್ ಹಾಕಿ ಡೊಮೈನ್‌ನ ಎನ್‌ಎಸ್ ಕೇಳಿ, ಅಡಿಷನಲ್ ಭಾಗದಲ್ಲಿ ಗ್ಲೂ ಕಾಣುತ್ತೆ. ಯಾವುದಾದರೂ ಡೊಮೈನ್‌ಗೆ ಜೋಡಿಸಿರುವ ಹೋಸ್ಟ್ ಮಾತ್ರ ಹೀಗೆ ಕಾಣುವುದು, ಸುಮ್ಮನೆ ಸೃಷ್ಟಿಸಿಟ್ಟಿದ್ದು ಕಾಣಲ್ಲ.

ಎರಡನೆಯದು, ಮಾಡಬಹುದು. ಇಪಿಪಿಗೆ, ಡಿಎನ್‌ಎಸ್‌ಗೆ ಹೋಗುವಾಗ ಮಾತ್ರ ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರಗಳಿಗೆ ಪರಿವರ್ತಿಸಿದ) ರೂಪದಲ್ಲಿ ಹೋಗಬೇಕು. ಕನ್ನಡ .ಭಾರತ ರೂಟ್ ವಲಯದಲ್ಲಿರುವುದು ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ ಅಂತ. ಪ್ಯಾನೆಲ್ ಕನ್ನಡದಲ್ಲಿ ತಗೊಂಡು ತಾನೇ ಪರಿವರ್ತಿಸಿ ಕಳಿಸಲಿ. ಕನ್ನಡ ಅಕ್ಷರಗಳನ್ನೇ ನೇರವಾಗಿ ಕಳಿಸಿದರೆ 2005 (ಹೆಸರಿನ ರೂಪ ತಪ್ಪು) ನಿರೀಕ್ಷಿಸಿ. ಹೆಸರಿನ ಕೊನೆಯಲ್ಲಿ ಚುಕ್ಕೆ ಬಿಟ್ಟರೂ, ಅಂಡರ್‌ಸ್ಕೋರ್ ಇದ್ದರೂ, ಕಾಪಿ ಮಾಡುವಾಗ ಖಾಲಿ ಜಾಗ ಅಂಟಿಕೊಂಡು ಬಂದರೂ ಇದೇ 2005. ಕನ್ನಡ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಅಕ್ಷರಗಳು ನುಸುಳಿರುತ್ತವೆ, ಪರಿವರ್ತಿಸುವ ಮೊದಲು ಐಡಿಎನ್‌ಎ (ಇತರ ಲಿಪಿಯ ಡೊಮೈನ್ ಹೆಸರುಗಳ) ನಿಯಮದ ಪ್ರಕಾರ ಪರಿಶೀಲಿಸಿ. ಕೀಬೋರ್ಡ್ ಬದಲಾದರೆ ಒಂದೇ ಪದಕ್ಕೆ ಎರಡು ಪ್ಯೂನಿಕೋಡ್ ಬರುವ ಸಾಧ್ಯತೆ ಇದೆ.

ಕಾವೇರಿ_ರೆಸಾಲ್ವರ್

ಅಳಿಸುವ ಕಡೆ ಯಾರೂ ಬರಲಿಲ್ಲ. ಅಲ್ಲಿಯ ಅಪಾಯ ದೊಡ್ಡದು.

ಹೋಸ್ಟ್‌ಗೆ ಲಿಂಕ್ಡ್ ಅನ್ನುವ ಸ್ಥಿತಿ ಇದ್ದರೆ ಯಾವುದೋ ಡೊಮೈನ್ ಅದನ್ನು ಬಳಸುತ್ತಿದೆ ಅಂತ. ಅಂಥ ಹೋಸ್ಟ್ ಅಳಿಸಲು ಹೋದರೆ 2305 (ಬೇರೆಯದಕ್ಕೆ ಜೋಡಿಸಿದೆ, ಅಳಿಸಲಾಗದು). ಕೆಳಗೆ ಹೋಸ್ಟ್ ಇರುವ ಡೊಮೈನ್ ಅಳಿಸಲು ಹೋದರೂ 2305. ಇದನ್ನು ದಾಟಲು ಕೆಲವು ರಿಜಿಸ್ಟ್ರಾರ್‌ಗಳು ವರ್ಷಗಟ್ಟಲೆ ಮಾಡುತ್ತಿದ್ದ ಉಪಾಯ, ಹೋಸ್ಟ್‌ಗೆ ಬೇರೆ ಟಿಎಲ್‌ಡಿಯ ಯಾವುದೋ ಹೆಸರಿಟ್ಟು ಹೊರಗಿನ ಹೋಸ್ಟ್ ಮಾಡಿಬಿಡುವುದು. ಆಗ ಡೊಮೈನ್ ಅಳಿಸಲು ಅಡ್ಡಿ ಇರಲ್ಲ. ಆ ಹೋಸ್ಟ್ ಬಳಸುತ್ತಿದ್ದ ಬೇರೆಯವರ ಡೊಮೈನ್‌ಗಳು ತಮಗೆ ಗೊತ್ತಿಲ್ಲದೆಯೇ ಆ ಹೊಸ ಹೆಸರಿಗೆ ತಿರುಗಿರುತ್ತವೆ. ಆ ಹೆಸರು ಯಾರೂ ನೋಂದಾಯಿಸದ್ದಾಗಿದ್ದರೆ ಯಾರು ಬೇಕಾದರೂ ನೋಂದಾಯಿಸಿ ಆ ಡೊಮೈನ್‌ಗಳನ್ನು ವಶಪಡಿಸಿಕೊಳ್ಳಬಹುದು. 2021ರಲ್ಲಿ ಪ್ರಕಟವಾದ ಸಂಶೋಧನೆ ಇದು ನಿಜವಾಗಿ ನಡೆದಿದೆ ಅಂತ ತೋರಿಸಿತು.

ನಿಮ್ಮ ಪ್ಯಾನೆಲ್ ಮಾಡಬೇಕಾದ್ದು: ಡೊಮೈನ್ ಅಳಿಸುವ ಮೊದಲು ಡೊಮೈನ್ ಇನ್ಫೋದಲ್ಲಿ ಕೆಳಗಿನ ಹೋಸ್ಟ್‌ಗಳ ಪಟ್ಟಿ ನೋಡಿ, ಪ್ರತಿಯೊಂದಕ್ಕೂ ಲಿಂಕ್ಡ್ ಇದೆಯಾ ಕೇಳಿ. ಲಿಂಕ್ ಆದವು ನಿಮ್ಮದೇ ಗ್ರಾಹಕರ ಡೊಮೈನ್‌ಗಳಾದರೆ ಮೊದಲು ಅವುಗಳ ನೇಮ್‌ಸರ್ವರ್ ಬದಲಿಸಿ. ಬೇರೆಯವರದ್ದಾದರೆ ಅಳಿಸುವ ಆತುರ ಬೇಡ. ಹೆಸರು ಬದಲಿಸಲೇಬೇಕಾದರೆ ಯಾರೂ ನೋಂದಾಯಿಸಲಾಗದ, ರಿಜಿಸ್ಟ್ರಾರ್ ತಾನೇ ಕಾಯ್ದುಕೊಳ್ಳುವ ಹೆಸರಿನ ಕೆಳಗೆ ಇಡಿ.

ಅವಧಿ ಮುಗಿಯುವುದರಲ್ಲೂ ಇದೇ ಕಥೆ. ನೇಮ್‌ಸರ್ವರ್ ಹೆಸರಿರುವ ಡೊಮೈನ್ ನವೀಕರಣವಾಗದೆ ಹೋಲ್ಡ್‌ಗೆ (ವಲಯದಿಂದ ತಾತ್ಕಾಲಿಕವಾಗಿ ತೆಗೆದಿಡುವ ಸ್ಥಿತಿ) ಹೋದರೆ ಅದರ ಮೇಲೆ ನಿಂತ ಡೊಮೈನ್‌ಗಳೆಲ್ಲ ಅಲುಗಾಡುತ್ತವೆ. ಒಂದೇ ಸಲ ಬೀಳಲ್ಲ. ಕ್ಯಾಶ್‌ನಲ್ಲಿ ಉಳಿದಿದ್ದು, ಉಳಿದ ಗ್ಲೂ ಸಿಕ್ಕಿದ್ದು ಅಂತ ಒಂದೊಂದು ಕಡೆ ಒಂದೊಂದು ರೀತಿ. ಹೋಸ್ಟಿಂಗ್ ನಡೆಸುವವರು ಬೇರೆ ಎಲ್ಲಕ್ಕಿಂತ ಮೊದಲು ಆ ಒಂದು ಡೊಮೈನ್‌ಗೆ ಹಲವು ವರ್ಷದ ನವೀಕರಣ ಮಾಡಿ, ಲಾಕ್ ಹಾಕಿಡಬೇಕು.

ಯಶವಂತಪುರ_ರೀಸೆಲ್ಲರ್

ಪ್ಯಾನೆಲ್‌ನ ಹರಿವು ಹೀಗೆ ಬದಲಿಸುತ್ತಿದ್ದೇವೆ, ತಪ್ಪಿದ್ದರೆ ಹೇಳಿ: ಹೆಸರಿನ ರೂಪ ಪರಿಶೀಲನೆ, ಒಳಗಿನದಾ ಹೊರಗಿನದಾ ಅನ್ನುವ ತೀರ್ಮಾನ, ಹೊರಗಿನದಾದರೆ ವಿಳಾಸ ಸಿಗುತ್ತಾ ನೋಡಿ ಕ್ರಿಯೇಟ್, ಒಳಗಿನದಾದರೆ ಹೋಸ್ಟ್ ಇನ್ಫೋ, ಆಮೇಲೆ ಎಸ್‌ಒಎ ಪರೀಕ್ಷೆ, ಕೊನೆಗೆ ಡೊಮೈನ್ ಅಪ್‌ಡೇಟ್. ಎಸ್‌ಒಎ ಪರೀಕ್ಷೆ ಬಿದ್ದರೆ ಪೂರ್ತಿ ತಡೆಯಬೇಕಾ, ಎಚ್ಚರಿಕೆ ಕೊಟ್ಟು ಬಿಡಬೇಕಾ? ಹಳೆಯ ಸರ್ವರ್ ಯಾವಾಗ ನಿಲ್ಲಿಸಬಹುದು?

ಜೋನ್‌ಫೈಲ್

ಹೆಸರಿಗೆ ವಿಳಾಸವೇ ಇಲ್ಲದಿದ್ದರೆ ತಡೆಯಿರಿ. ವಿಳಾಸ ಇದ್ದು ರೆಫ್ಯೂಸ್ಡ್ ಅಥವಾ ಟೈಮ್‌ಔಟ್ ಬಂದರೆ ದೊಡ್ಡ ಅಕ್ಷರದ ಎಚ್ಚರಿಕೆ ಕೊಟ್ಟು ಗ್ರಾಹಕರ ಒಪ್ಪಿಗೆ ಪಡೆದು ಬಿಡಿ. ಕೆಲವು ಹೋಸ್ಟಿಂಗ್ ಸೇವೆಗಳು ಡೆಲಿಗೇಶನ್ ತಮ್ಮ ಕಡೆ ತಿರುಗಿದ ಮೇಲೆಯೇ ವಲಯ ಹಾಕುತ್ತವೆ, ಅವರಿಗೆ ಪೂರ್ತಿ ತಡೆ ಹಾಕಿದರೆ ಕೆಲಸವೇ ಆಗಲ್ಲ. ಒಂದು ಸರ್ವರ್ ಸರಿ, ಇನ್ನೊಂದು ಬಿದ್ದಿದೆ ಅಂದಾಗಲೂ ಎಚ್ಚರಿಕೆ ಕಡ್ಡಾಯ.

ನಿಮ್ಮ ಹರಿವಿನಲ್ಲಿ ಡಿಎಸ್ ಬಿಟ್ಟುಹೋಗಿದೆ. ಡೊಮೈನ್‌ಗೆ ಡಿಎನ್‌ಎಸ್‌ಸೆಕ್‌ನ ಡಿಎಸ್ (ಸಹಿಯ ಕೀಯ ಗುರುತು) ದಾಖಲೆ ಇದ್ದು, ಹೊಸ ಸರ್ವರ್‌ನಲ್ಲಿ ಅದಕ್ಕೆ ಹೊಂದುವ ಕೀ ಇಲ್ಲದಿದ್ದರೆ, ಪರಿಶೀಲಿಸುವ ಎಲ್ಲ ರೆಸಾಲ್ವರ್‌ಗಳಲ್ಲೂ ಸರ್ವ್‌ಫೇಲ್. ಗುರುತಿಸುವುದು ಹೀಗೆ: ಡಿಗ್‌ನಲ್ಲಿ ಸಿಡಿ (ಸಹಿ ಪರಿಶೀಲನೆ ಬೇಡ ಅನ್ನುವ) ಫ್ಲ್ಯಾಗ್ ಹಾಕಿದಾಗ ಉತ್ತರ ಬಂದು, ಹಾಕದಿದ್ದಾಗ ಸರ್ವ್‌ಫೇಲ್ ಬಂದರೆ ಅದು ಡಿಎನ್‌ಎಸ್‌ಸೆಕ್‌ನದ್ದೇ. ಮೊದಲು ಡಿಎಸ್ ತೆಗೆಸಿ, ಅದರ ಟಿಟಿಎಲ್ (ಕ್ಯಾಶ್‌ನಲ್ಲಿ ಉಳಿಯುವ ಅವಧಿ) ಕಳೆಯುವವರೆಗೆ ಕಾಯಿರಿ, ಆಮೇಲೆ ನೇಮ್‌ಸರ್ವರ್ ಬದಲಿಸಿ, ಕೊನೆಗೆ ಹೊಸ ಡಿಎಸ್ ಹಾಕಿ.

ಹಳೆಯ ಸರ್ವರ್ ವಿಷಯ. .ಕಾಂ ವಲಯದಲ್ಲಿ ಎನ್‌ಎಸ್ ದಾಖಲೆಯ ಟಿಟಿಎಲ್ 172800 ಸೆಕೆಂಡ್, ಅಂದರೆ ಎರಡು ದಿನ. ರಿಜಿಸ್ಟ್ರಿಯಲ್ಲಿ ಬದಲಾವಣೆ ಬೇಗ ಆಗುತ್ತೆ, ಆದರೆ ಬದಲಾಗುವ ಒಂದು ಗಳಿಗೆ ಮೊದಲು ಕೇಳಿದ ರೆಸಾಲ್ವರ್ ಎರಡು ದಿನ ಹಳೆಯದನ್ನೇ ಇಟ್ಟುಕೊಳ್ಳಬಹುದು. ಜೊತೆಗೆ ಹಳೆಯ ಸರ್ವರ್‌ನ ವಲಯದೊಳಗಿನ ಎನ್‌ಎಸ್ ಪಟ್ಟಿಗೂ ಒಂದು ಟಿಟಿಎಲ್ ಇದೆ, ಅದನ್ನೂ ಹೊಸ ಹೆಸರುಗಳಿಗೆ ಬದಲಿಸಿಡಿ. ಇಲ್ಲದಿದ್ದರೆ ಕೆಲವು ರೆಸಾಲ್ವರ್‌ಗಳು ಹಳೆಯ ಸರ್ವರ್‌ಗೇ ಅಂಟಿಕೊಂಡಿರುತ್ತವೆ. ಎರಡರಲ್ಲಿ ಯಾವ ಅವಧಿ ದೊಡ್ಡದೋ ಅಷ್ಟು ಕಾದು, ಹಳೆಯ ಸರ್ವರ್‌ನ ಕ್ವೆರಿ ಲಾಗ್‌ನಲ್ಲಿ ಆ ಡೊಮೈನ್‌ಗೆ ಪ್ರಶ್ನೆ ಬರುವುದು ನಿಂತಿದೆಯಾ ನೋಡಿ, ಆಮೇಲೆ ವಲಯ ತೆಗೆಯಿರಿ.

ಹೆಬ್ಬಾಳ_ಸಪೋರ್ಟ್

ಹೊಸದಾಗಿ ನೋಂದಾಯಿಸಿದ ಡೊಮೈನ್‌ಗೂ ಎರಡು ದಿನ ಕಾಯಬೇಕಾ? ಗ್ರಾಹಕರಿಗೆ '48 ಗಂಟೆ' ಅಂತಲೇ ಹೇಳುತ್ತಾ ಬಂದಿದ್ದೇವೆ.

ಪೋರ್ಟ್53

ಬೇಕಿಲ್ಲ. ಹೊಸ ಡೊಮೈನ್‌ನ ಹಳೆಯ ಎನ್‌ಎಸ್ ಯಾರ ಕ್ಯಾಶ್‌ನಲ್ಲೂ ಇರಲ್ಲ. ಇರಬಹುದಾದದ್ದು 'ಈ ಹೆಸರು ಇಲ್ಲ' ಅನ್ನುವ ಉತ್ತರ, ನೋಂದಣಿಗೆ ಮೊದಲು ಯಾರಾದರೂ ಬ್ರೌಸರ್‌ನಲ್ಲಿ ತೆರೆದು ನೋಡಿದ್ದರೆ. ಅದರ ಆಯಸ್ಸು ಟಿಎಲ್‌ಡಿಯ ಎಸ್‌ಒಎ ಮೇಲೆ ನಿಂತಿದೆ, 1998ರ ಆರ್‌ಎಫ್‌ಸಿ 2308 ಪ್ರಕಾರ ಎಸ್‌ಒಎಯ ಟಿಟಿಎಲ್ ಮತ್ತು ಅದರ ಕೊನೆಯ ಅಂಕಿ, ಎರಡರಲ್ಲಿ ಚಿಕ್ಕದು. .ಕಾಂನಲ್ಲಿ ಅದು 900 ಸೆಕೆಂಡ್, ಕಾಲು ಗಂಟೆ. ಬೇರೆ ಟಿಎಲ್‌ಡಿಗೆ ಡಿಗ್‌ನಲ್ಲಿ ಅದರ ಎಸ್‌ಒಎ ಕೇಳಿ ಆ ಎರಡು ಅಂಕಿ ಓದಿಕೊಳ್ಳಿ. ಅಷ್ಟು ಹೊತ್ತು ಕಳೆದ ಮೇಲೂ ತೆರೆಯದಿದ್ದರೆ ಗ್ರಾಹಕರಿಗೆ 48 ಗಂಟೆ ಅನ್ನಬೇಡಿ, ಟಿಎಲ್‌ಡಿ ಸರ್ವರ್‌ಗೆ ಎನ್‌ಎಸ್ ಕೇಳಿ, ಅಲ್ಲಿಂದ ಬಂದ ಪ್ರತಿ ನೇಮ್‌ಸರ್ವರ್‌ಗೆ ಎಸ್‌ಒಎ ಕೇಳಿ. ತಪ್ಪು ಆ ಎರಡರಲ್ಲಿ ಒಂದು ಕಡೆ ಕಾಣಿಸುತ್ತೆ.